ಕಾರ್ಟೂನ್ ನೋಡಿ ಮಕ್ಕಳು ವಿಜ್ಞಾನ ಕಲಿಯುತ್ತಾರೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠಗಳಲ್ಲಿ ಅನಿಮೇಷನ್ ಕಾರ್ಟೂನುಗಳನ್ನು ಬಳಸುವ ಕುರಿತು ಶಿಕ್ಷಕರಿಂದಲೂ ಪೋಷಕರಿಂದಲೂ ಅನೇಕ ಪತ್ರಗಳು ಬಂದಿವೆ. ಹೆಚ್ಚಿನವರ ಮನಸ್ಸಿನಲ್ಲಿರುವ ಸಂದೇಹಗಳನ್ನು ಹೇಳುವ ಐದು ಪತ್ರಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಾಲ್ಕನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಜಲಚಕ್ರದ ಪಾಠಕ್ಕೆಂದು ಹನ್ನೆರಡು ನಿಮಿಷಗಳ ಒಂದು ಕಾರ್ಟೂನ್ ತೋರಿಸಿದೆ. ಕಣ್ಣು, ಬಾಯಿ ಇರುವ ನೀರಿನ ಹನಿಯೊಂದು ಸಮುದ್ರದಿಂದ ಹೊರಟು, ಹಾಡುತ್ತಾ ಆಕಾಶಕ್ಕೇರಿ, ಮೋಡದಲ್ಲಿ ಗೆಳೆಯರನ್ನು ಕೂಡಿಕೊಂಡು, ಮಳೆಯಾಗಿ ಮರಳುವ ಕಥೆ ಅದು. ಮಕ್ಕಳು ರೆಪ್ಪೆ ಬಡಿಯದೆ ನೋಡಿದರು. ಮರುದಿನ ಕೇಳಿದರೆ ಹಾಡು ಎಲ್ಲರಿಗೂ ಬಾಯಿಪಾಠವಾಗಿತ್ತು. ಮೋಡ ಹೇಗಾಗುತ್ತದೆ ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ನಾನು ಎಲ್ಲಿ ತಪ್ಪಿದೆ? (ಒಬ್ಬ ಶಿಕ್ಷಕಿ)

ಉತ್ತರ: ಮಕ್ಕಳು ಗಮನವಿಟ್ಟು ನೋಡಿದರು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಆ ಗಮನವೆಲ್ಲ ಹರಿದದ್ದು ಕಥೆಯ ಕಡೆಗೆ. ಹನಿ ತನ್ನ ಗೆಳೆಯರನ್ನು ಸೇರಿತೇ, ಮನೆಗೆ ಮರಳಿತೇ ಎಂಬ ಕುತೂಹಲ ಅವರನ್ನು ಕೊನೆಯವರೆಗೂ ಹಿಡಿದು ಕೂರಿಸಿತು. ಆವಿ ತಂಪಾಗಿ ಅತಿ ಸಣ್ಣ ಹನಿಗಳಾಗುವ ಘಟ್ಟವೇ ನಿಮ್ಮ ಪಾಠದ ಜೀವಾಳ. ಕಾರ್ಟೂನಿನಲ್ಲಿ ಅದಕ್ಕೆ ದೊರೆತಿರಬಹುದಾದದ್ದು ಕೆಲವು ಕ್ಷಣಗಳು ಮಾತ್ರ, ಅವೂ ಹಾಡಿನ ನಡುವೆ ಸರಿದುಹೋಗಿರುತ್ತವೆ.

ಪುಸ್ತಕದಲ್ಲಿರುವ ಚಿತ್ರ ಮಗುವಿಗಾಗಿ ಕಾಯುತ್ತದೆ. ಮಗು ಬಾಣದ ಗುರುತಿನ ಮೇಲೆ ಬೆರಳಿಟ್ಟು, ಹಿಂದಕ್ಕೆ ಹೋಗಿ, ಮತ್ತೊಮ್ಮೆ ನೋಡಿ ಮುಂದುವರಿಯಬಹುದು. ಪರದೆಯ ಮೇಲಿನ ಚಿತ್ರಕ್ಕೆ ಆ ತಾಳ್ಮೆಯಿಲ್ಲ. ಒಂದು ದೃಶ್ಯವನ್ನು ಮನಸ್ಸು ಅರಗಿಸಿಕೊಳ್ಳುವಷ್ಟರಲ್ಲಿ ಮುಂದಿನದು ಬಂದು ನಿಂತಿರುತ್ತದೆ. ಮನೋವಿಜ್ಞಾನಿ ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ, ಅನಿಮೇಷನ್ನನ್ನು ಸ್ಥಿರ ಚಿತ್ರಕ್ಕೆ ಹೋಲಿಸಿದ ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಅನಿಮೇಷನ್ ಗೆದ್ದಿತೆಂದು ಹೇಳಿದ್ದ ಹಲವು ಕಡೆ ಅದರಲ್ಲಿ ಸ್ಥಿರ ಚಿತ್ರಕ್ಕಿಂತ ಹೆಚ್ಚಿನ ಮಾಹಿತಿಯೇ ಇತ್ತೆಂದು ತೋರಿಸಿಕೊಟ್ಟರು. ಅಂದರೆ ಆ ಗೆಲುವಿಗೆ ಚಲನೆಯೇ ಕಾರಣವೆಂದು ಹೇಳಲು ಬರುವಂತಿರಲಿಲ್ಲ. ಆ ಬಳಿಕ 2007ರಲ್ಲಿ ಹೋಫ್ಲರ್ ಮತ್ತು ಲ್ಯೂಟ್ನರ್ ಎಂಬ ಸಂಶೋಧಕರು 26 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಅನಿಮೇಷನ್ನಿಗೆ ಒಟ್ಟಾರೆ ಸಾಧಾರಣ ಮಟ್ಟದ ಮೇಲುಗೈ ಕಂಡುಬಂತು. ಚಿತ್ರ ಬರಿಯ ಅಲಂಕಾರವಾಗಿದ್ದಾಗ ಅಲ್ಲ, ಕಲಿಯಬೇಕಾದ ಚಲನೆಯನ್ನೇ ಅದು ತೋರಿಸುತ್ತಿದ್ದಾಗ ಆ ಮೇಲುಗೈ ಎದ್ದು ಕಂಡಿತು. ನಿಮ್ಮ ಹನಿಯ ಹಾಡು, ಅದರ ಗೆಳೆಯರ ತಮಾಷೆ, ಹಿನ್ನೆಲೆಯ ವಾದ್ಯಗಳು ಇವೆಲ್ಲ ಅಲಂಕಾರದ ಸಾಲಿಗೆ ಸೇರುವಂಥವು. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಪಾಠವನ್ನೇ ತೆಗೆದುಕೊಂಡು ರಿಚರ್ಡ್ ಮೇಯರ್ ಮತ್ತು ಅವರ ಜೊತೆಗಾರರು ನಡೆಸಿದ ಪ್ರಯೋಗಗಳಲ್ಲಿ, ರಂಜಕವಾದರೂ ವಿಷಯಕ್ಕೆ ಸಂಬಂಧಿಸದ ವಿವರಗಳನ್ನು ಸೇರಿಸಿದಷ್ಟೂ ಓದಿದವರ ತಿಳಿವಳಿಕೆ ಕುಗ್ಗಿದ್ದು ಕಂಡುಬಂದಿತ್ತು.

ಇನ್ನೊಂದು ತೊಡಕು ಆ ಹನಿಯಲ್ಲೇ ಇದೆ. ಸಮುದ್ರದಲ್ಲಿದ್ದ ಹನಿ ಆಕಾಶಕ್ಕೆ ಏರುವಾಗಲೂ ಹನಿಯಾಗಿಯೇ ಉಳಿಯುತ್ತದೆ. ಅದೇ ಕಣ್ಣು, ಅದೇ ಬಾಯಿ. ನಿಜವಾಗಿ ನೀರು ಆವಿಯಾಗುವುದೆಂದರೆ ಅದರ ಅಣುಗಳು ಒಂದೊಂದಾಗಿ ಬಿಡಿಸಿಕೊಂಡು ಗಾಳಿಯಲ್ಲಿ ಸೇರುವುದು. ಆ ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಮೋಡವಾಗಿ ಕಾಣುವುದು ಆವಿಯಲ್ಲ, ಆವಿ ತಂಪಾಗಿ ಮತ್ತೆ ನೀರಾದ ಸೂಕ್ಷ್ಮ ಹನಿಗಳು ಅಥವಾ ಮಂಜಿನ ಹರಳುಗಳು. ಹನಿ ಮೇಲೇರುವಾಗಲೂ ಹನಿಯೇ ಆಗಿದ್ದರೆ ಮೋಡದಲ್ಲಿ ಹೊಸದಾಗಿ ಏನೂ ಆಗಬೇಕಾಗಿಲ್ಲವಲ್ಲ! ನಿಮ್ಮ ಪ್ರಶ್ನೆಗೆ ಮಕ್ಕಳು ಸುಮ್ಮನಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಮುಂದಿನ ಬಾರಿ ಅದೇ ಕಾರ್ಟೂನನ್ನು ಬೇರೆ ರೀತಿಯಲ್ಲಿ ಬಳಸಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಹನ್ನೆರಡು ನಿಮಿಷಗಳಲ್ಲಿ ನಿಮಗೆ ಬೇಕಾದ ಎರಡು ಮೂರು ನಿಮಿಷಗಳನ್ನು ಮಾತ್ರ ಆರಿಸಿಕೊಳ್ಳಿ. ಪರದೆ ಹಚ್ಚುವ ಮೊದಲು ಮಂಜುಗಡ್ಡೆ ಹಾಕಿದ ನೀರಿನ ಗಾಜಿನ ಲೋಟವೊಂದನ್ನು ಮೇಜಿನ ಮೇಲಿಟ್ಟು, ಅದರ ಹೊರಮೈ ಒದ್ದೆಯಾಗುವುದನ್ನು ಮಕ್ಕಳೇ ಮುಟ್ಟಿ ನೋಡಲಿ. ಆ ನೀರು ಎಲ್ಲಿಂದ ಬಂತೆಂದು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಒಂದು ಸಾಲಿನಲ್ಲಿ ಬರೆಯಲಿ. ಲೋಟದ ಒಳಗಿನಿಂದ ನೀರು ಒಸರಿತು ಎಂದು ಬರೆಯುವ ಮಕ್ಕಳೂ ಇರುತ್ತಾರೆ, ಅವರನ್ನು ಆಗ ತಿದ್ದಬೇಡಿ. ಅನಂತರ ಕಾರ್ಟೂನ್ ಹಚ್ಚಿ, ಹನಿ ಮೇಲೇರಿ ಮೋಡವಾಗುವ ಮುನ್ನ ನಿಲ್ಲಿಸಿ, ಮುಂದೇನಾಗುತ್ತದೆ, ಏಕೆ ಆಗುತ್ತದೆ ಎಂದು ಕೇಳಿ. ಮೇರಿ ಹೆಗಾರ್ಟಿ ಮತ್ತು ಸಂಗಡಿಗರು 2003ರಲ್ಲಿ ಶೌಚಾಲಯದ ಫ್ಲಶ್ ತೊಟ್ಟಿ ಕೆಲಸ ಮಾಡುವ ಬಗೆಯನ್ನು ಕಲಿಸುತ್ತಾ ನಡೆಸಿದ ಅಧ್ಯಯನದಲ್ಲಿ, ಸ್ಥಿರ ಚಿತ್ರವನ್ನು ನೋಡಿ ಯಾವ ಭಾಗ ಹೇಗೆ ಚಲಿಸುತ್ತದೆಂದು ಮೊದಲೇ ಊಹಿಸಿದವರ ತಿಳಿವಳಿಕೆ ಹೆಚ್ಚಿದ್ದು ಕಂಡುಬಂತು. ಅವರು ಕಾಲೇಜು ವಿದ್ಯಾರ್ಥಿಗಳಾಗಿದ್ದರು, ನಿಜ. ಆದರೆ ಊಹಿಸಿದವನ ಕಣ್ಣು ಉತ್ತರವನ್ನು ಹುಡುಕುತ್ತದೆ ಎಂಬುದು ಹತ್ತು ವರ್ಷದ ಮಗುವಿನ ವಿಷಯದಲ್ಲೂ ಸತ್ಯವೆಂದು ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು.

ಕೊನೆಯಲ್ಲಿ ಅದೇ ತುಣುಕನ್ನು ಧ್ವನಿಯಿಲ್ಲದೆ ಇನ್ನೊಮ್ಮೆ ಓಡಿಸಿ, ವಿವರಣೆಯನ್ನು ಮಕ್ಕಳ ಬಾಯಿಂದಲೇ ಕೇಳಿ. ಚಿತ್ರ ಓಡುತ್ತಿರುವಾಗಲೇ ಅವರು ಮಾತಾಡಬೇಕು. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಪಾಠ ಇನ್ನೂ ಬಾಕಿಯಿದೆ ಎಂದು ನಿಮಗೆ ಆ ಕ್ಷಣದಲ್ಲೇ ತಿಳಿಯುತ್ತದೆ.

ಪ್ರಶ್ನೆ: ನನ್ನ ಎಂಟು ವರ್ಷದ ಮಗಳು ದೇಹದ ಬಗೆಗಿನ ಒಂದು ಕಾರ್ಟೂನ್ ನೋಡಿ, ನಮ್ಮ ಮೈಯಲ್ಲಿ ಕೆಂಪು ರಕ್ತ, ನೀಲಿ ರಕ್ತ ಎಂದು ಎರಡು ಬಗೆ ಇದೆ ಎಂದು ನಂಬಿಬಿಟ್ಟಿದ್ದಾಳೆ. ಕೈಯ ಮೇಲಿನ ನೀಲಿ ನರಗಳನ್ನೇ ಸಾಕ್ಷಿಯಾಗಿ ತೋರಿಸುತ್ತಾಳೆ. ತಪ್ಪು ಕಲಿಸುವ ಇಂಥ ಕಾರ್ಟೂನುಗಳನ್ನು ನಿಲ್ಲಿಸಿಬಿಡುವುದೇ ಮೇಲಲ್ಲವೇ? (ಒಬ್ಬ ತಂದೆ)

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಮಗಳು ಪರದೆಯಲ್ಲಿ ಕಂಡದ್ದನ್ನು ತನ್ನ ಕೈಗೆ ಹೋಲಿಸಿ ಸಾಕ್ಷಿ ಹುಡುಕಿದ್ದಾಳೆ. ವಿಜ್ಞಾನ ಆರಂಭವಾಗುವುದೇ ಹಾಗೆ. ಅವಳ ತೀರ್ಮಾನ ಮಾತ್ರ ತಪ್ಪು. ಆಮ್ಲಜನಕ ತುಂಬಿಕೊಂಡ ರಕ್ತ ಹೊಳೆಯುವ ಕೆಂಪಾಗಿಯೂ, ಅದನ್ನು ಬಿಟ್ಟುಕೊಟ್ಟ ರಕ್ತ ಕಪ್ಪು ಬೆರೆತ ಕೆಂಪಾಗಿಯೂ ಇರುತ್ತದೆ. ನೀಲಿ ರಕ್ತ ಮನುಷ್ಯರಲ್ಲಿ ಇಲ್ಲವೇ ಇಲ್ಲ. ನೀವು ನರಗಳೆಂದದ್ದು ಅಭಿಧಮನಿಗಳನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳನ್ನು; ಚರ್ಮದೊಳಗೆ ಬೆಳಕು ಚದುರಿ ಮರಳುವ ಬಗೆಯಿಂದ ಅವು ನೀಲಿಯಾಗಿ ಕಾಣುತ್ತವೆ. ಹೃದಯಕ್ಕೆ ಮರಳುವ ರಕ್ತವನ್ನು ಹೃದಯದಿಂದ ಹೊರಡುವ ರಕ್ತದಿಂದ ಬೇರೆಯಾಗಿ ಗುರುತಿಸಲೆಂದು ಪಠ್ಯಪುಸ್ತಕದ ಚಿತ್ರಗಾರರೂ ನೀಲಿ ಬಣ್ಣವನ್ನೇ ಹಚ್ಚುತ್ತಾರೆ. ಅದು ಭೂಪಟದಲ್ಲಿ ರಾಜ್ಯಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿದ ಹಾಗೆ. ನೆಲಕ್ಕೆ ಆ ಬಣ್ಣವಿಲ್ಲ ಎಂದು ನಿಮ್ಮ ಮಗಳಿಗೆ ಗೊತ್ತು. ರಕ್ತದ ವಿಷಯದಲ್ಲೂ ಹಾಗೆಯೇ ಎಂದು ಯಾರಾದರೂ ಅವಳಿಗೆ ಹೇಳಬೇಕಿತ್ತು.

ಚಿತ್ರ ಬಿಡಿಸುವವನು ಸತ್ಯವನ್ನು ಸ್ವಲ್ಪ ಬಾಗಿಸದೆ ಚಿತ್ರ ಬಿಡಿಸಲಾರ. ಸೌರಮಂಡಲದ ಕಾರ್ಟೂನಿನಲ್ಲಿ ಭೂಮಿಯ ಪಕ್ಕದಲ್ಲೇ ಚಂದ್ರ ಸುತ್ತುತ್ತಿರುತ್ತಾನೆ. ಭೂಮಿಯನ್ನು 10 ಸೆಂಟಿಮೀಟರ್ ಅಗಲದ ಚೆಂಡು ಎಂದುಕೊಂಡರೆ ಚಂದ್ರ 3 ಸೆಂಟಿಮೀಟರಿಗಿಂತ ತುಸು ಚಿಕ್ಕದಾದ ಗೋಲಿ, ಮತ್ತು ಆ ಗೋಲಿಯನ್ನು ಇಡಬೇಕಾದದ್ದು ಚೆಂಡಿನಿಂದ ಸುಮಾರು 3 ಮೀಟರ್ ದೂರದಲ್ಲಿ. ಇದನ್ನು ಅಳತೆಗೆ ಸರಿಯಾಗಿ ತೋರಿಸಹೊರಟರೆ ಪರದೆಯ ತುಂಬ ಬರಿಯ ಕತ್ತಲೆಯೇ ಉಳಿಯುತ್ತದೆ. ಆದ್ದರಿಂದ ಹತ್ತಿರಕ್ಕೆ ಎಳೆದು ತೋರಿಸುತ್ತಾರೆ, ಅದು ಕ್ಷಮಿಸಬಹುದಾದ ತಪ್ಪು. ಮಳೆಹನಿಯನ್ನು ಮೇಲೆ ಚೂಪು, ಕೆಳಗೆ ದುಂಡಾಗಿ ಬರೆಯುವುದೂ ಅಂಥದ್ದೇ ಒಂದು ರೂಢಿ. ಸಣ್ಣ ಹನಿಗಳು ದುಂಡಗಿರುತ್ತವೆ, ದೊಡ್ಡವು ಬೀಳುವಾಗ ಗಾಳಿಯ ಒತ್ತಡಕ್ಕೆ ತಳದಲ್ಲಿ ಚಪ್ಪಟೆಯಾಗುತ್ತವೆ, ಚೂಪು ತುದಿ ಯಾವುದಕ್ಕೂ ಇರುವುದಿಲ್ಲ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಬೇರೆ ಬಗೆಯ ಚಿತ್ರಗಳು. ಭೂಮಿ ಸೂರ್ಯನನ್ನು ಸುತ್ತುವ ದಾರಿಯನ್ನು ಉದ್ದನೆಯ ಮೊಟ್ಟೆಯಂತೆ ಎಳೆದಾಗ, ಸೂರ್ಯನ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದು ಮಗು ತಾನೇ ತರ್ಕಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಆ ದಾರಿ ಹೆಚ್ಚುಕಡಿಮೆ ವೃತ್ತವೇ. ಭೂಮಿ ಸೂರ್ಯನಿಗೆ ಅತಿ ಹತ್ತಿರವಾಗುವುದು ಜನವರಿಯ ಮೊದಲ ವಾರದ ಸುಮಾರಿಗೆ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ, ಅತಿ ದೂರವಾಗುವುದು ಜುಲೈಯಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರಿನಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.5 ಡಿಗ್ರಿಗಳ ವಾಲಿಕೆ. ಒಂದು ಮೊಟ್ಟೆಯಾಕಾರದ ಗೆರೆ ಮಗುವಿನ ಮನಸ್ಸಿನಲ್ಲಿ ಇಡೀ ಒಂದು ತಪ್ಪು ಸಿದ್ಧಾಂತವನ್ನೇ ಕಟ್ಟಿಬಿಡುತ್ತದೆ, ಮತ್ತು ಅದು ದೊಡ್ಡವರಾದ ಮೇಲೂ ಅಳಿಯುವುದು ಕಷ್ಟ. ಮಕ್ಕಳು ಹೇಳಿಕೊಟ್ಟದ್ದನ್ನು ಹಾಗೆಯೇ ತುಂಬಿಕೊಳ್ಳುವ ಖಾಲಿ ಪಾತ್ರೆಗಳಲ್ಲ. ಸ್ಟೆಲ್ಲಾ ವೋಸ್ನಿಯಾಡು ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಪ್ರಾಥಮಿಕ ಶಾಲಾ ಮಕ್ಕಳೊಡನೆ ಮಾತಾಡಿದಾಗ, ಭೂಮಿ ಗುಂಡಗಿದೆ ಎಂದು ಹೇಳುವ ಮಕ್ಕಳಲ್ಲೂ ಕೆಲವರು ಅದನ್ನು ಟೊಳ್ಳಾದ ಗೋಳವೆಂದೂ, ಜನರು ಅದರೊಳಗಿನ ಸಮತಟ್ಟಾದ ನೆಲದ ಮೇಲೆ ವಾಸಿಸುತ್ತಾರೆಂದೂ ಕಲ್ಪಿಸಿಕೊಂಡಿದ್ದರು. ಕಾಲ ಕೆಳಗೆ ಕಾಣುವ ಚಪ್ಪಟೆ ನೆಲಕ್ಕೂ ದೊಡ್ಡವರು ಹೇಳಿದ ಗುಂಡಗಿನ ಭೂಮಿಗೂ ಅವರು ತಾವೇ ಹೊಂದಾಣಿಕೆ ಮಾಡಿಕೊಂಡ ಬಗೆ ಅದು. ಕಾರ್ಟೂನಿನಲ್ಲಿ ಕಂಡದ್ದನ್ನೂ ಮಕ್ಕಳು ಹೀಗೆಯೇ ತಾವು ಬಲ್ಲದ್ದಕ್ಕೆ ಹೊಲಿದುಕೊಳ್ಳುತ್ತಾರೆ.

ಈ ಸಮಸ್ಯೆಯನ್ನು ಪ್ರಾಮಾಣಿಕವಾಗಿ ಎದುರಿಸಿದ ಒಂದು ಸರಣಿಯನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ 1994ರಲ್ಲಿ ಆರಂಭವಾದ ‘ದಿ ಮ್ಯಾಜಿಕ್ ಸ್ಕೂಲ್ ಬಸ್’ನ ಕಂತುಗಳ ಕೊನೆಯಲ್ಲಿ, ಪ್ರೇಕ್ಷಕರು ದೂರವಾಣಿ ಮಾಡಿ ಕಥೆಯಲ್ಲಿನ ಅವೈಜ್ಞಾನಿಕ ಅಂಶಗಳನ್ನು ಪ್ರಶ್ನಿಸುವಂತೆಯೂ ನಿರ್ಮಾಪಕರ ಕಡೆಯವರು ಅವನ್ನು ಒಪ್ಪಿ ವಿವರಿಸುವಂತೆಯೂ ಒಂದು ಪುಟ್ಟ ಭಾಗವಿರುತ್ತಿತ್ತು. ಅದೇ ಕೆಲಸವನ್ನು ನೀವು ಮನೆಯಲ್ಲಿ ಮಾಡಬಹುದು. ಕಾರ್ಟೂನ್ ಮುಗಿದ ಮೇಲೆ, ‘ಇದರಲ್ಲಿ ಯಾವುದು ನಿಜ, ಯಾವುದನ್ನು ಚಿತ್ರಕ್ಕಾಗಿ ಬದಲಿಸಿದ್ದಾರೆ, ಏಕೆ ಬದಲಿಸಿರಬಹುದು’ ಎಂದು ಮಗಳನ್ನೇ ಕೇಳಿ. ನೀಲಿ ಬಣ್ಣದ ಪ್ರಶ್ನೆಯಿಂದಲೇ ಆರಂಭಿಸಿ, ‘ಈ ಚಿತ್ರ ಬರೆದವರಿಗೆ ನೀಲಿ ಏಕೆ ಬೇಕಾಯಿತು?’ ಎಂದು. ಇದರ ಉತ್ತರ ಹುಡುಕುವಾಗ ಅವಳು ರಕ್ತಪರಿಚಲನೆಯನ್ನೇ ಕಲಿತುಬಿಡುತ್ತಾಳೆ.

ಪ್ರಶ್ನೆ: ಕಾರ್ಟೂನುಗಳಲ್ಲಿ ಗಿಡ, ಇರುವೆ, ಕಲ್ಲುಗಳೂ ಮಾತಾಡುತ್ತವೆ, ಅಳುತ್ತವೆ, ಸಿಟ್ಟಾಗುತ್ತವೆ. ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ಇದು ವಿಜ್ಞಾನದ ವಿರುದ್ಧ ದಿಕ್ಕಿನ ಪಾಠವಾಗುವುದಿಲ್ಲವೇ? (ಒಬ್ಬ ಶಿಕ್ಷಕರು)

ಉತ್ತರ: ಪ್ರಾಣಿಗಳು ಮಾತಾಡುವ ಕಥೆಗಳನ್ನು ಕೇಳಿಕೊಂಡೇ ನಾವೆಲ್ಲರೂ ಬೆಳೆದಿದ್ದೇವೆ, ನರಿ ನಿಜವಾಗಿ ಮಾತಾಡುವುದಿಲ್ಲವೆಂಬುದು ಆರೇಳು ವರ್ಷದ ಮಗುವಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೂ ನಿಮ್ಮ ಆತಂಕದಲ್ಲಿ ಹುರುಳಿದೆ. ಪೆಟ್ರೀಷಿಯಾ ಗಾನಿಯಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಷ್ಟಾಗಿ ಪರಿಚಯವಿಲ್ಲದ ಪ್ರಾಣಿಗಳ ಬಗೆಗಿನ ಚಿತ್ರಪುಸ್ತಕಗಳನ್ನು ಮೂರರಿಂದ ಐದು ವರ್ಷದ ಮಕ್ಕಳಿಗೆ ಓದಿ ಹೇಳಿದಾಗ, ಮನುಷ್ಯರಂತೆ ಮಾತಾಡುವ ಪ್ರಾಣಿಗಳ ಕಥೆ ಕೇಳಿದ ಮಕ್ಕಳು ನಿಜವಾದ ಪ್ರಾಣಿಗಳಿಗೂ ಮನುಷ್ಯರ ಗುಣಗಳನ್ನು ಹಚ್ಚುವ ಸಂಭವ ಹೆಚ್ಚಿತ್ತು. ಅವು ಕಾರ್ಟೂನುಗಳಲ್ಲ, ಮಕ್ಕಳೂ ನಿಮ್ಮ ತರಗತಿಯವರಿಗಿಂತ ಚಿಕ್ಕವರು; ಎಚ್ಚರಿಕೆಗೆ ಮಾತ್ರ ಅಷ್ಟು ಸಾಕು.

ನನ್ನ ಅಭಿಪ್ರಾಯದಲ್ಲಿ, ಪಾತ್ರ ಮಾತಾಡುವುದಕ್ಕಿಂತ ಅದರ ಆಸೆಯನ್ನೇ ಕಾರಣವಾಗಿ ಹೇಳುವುದು ಹೆಚ್ಚು ಅಪಾಯ. ಒಂದು ಇರುವೆ ತನ್ನ ಗೂಡನ್ನು ಸುತ್ತಿ ತೋರಿಸುತ್ತಾ ವಿವರಿಸಿದರೆ ಅದು ಮಾರ್ಗದರ್ಶಿಯ ಕೆಲಸ ಮಾಡುತ್ತಿದೆ, ಅದರಿಂದ ಕೇಡಿಲ್ಲ. ‘ಗಿಡಕ್ಕೆ ಸೂರ್ಯನೆಂದರೆ ಬಲು ಇಷ್ಟ, ಅದಕ್ಕೇ ಅವನ ಕಡೆ ಬಾಗುತ್ತದೆ’ ಎಂದು ಕಾರ್ಟೂನ್ ಹೇಳಿದಾಗ ಮಾತ್ರ ಕಾರಣದ ಜಾಗದಲ್ಲಿ ಭಾವನೆ ಬಂದು ಕುಳಿತಿತು. ನೆರಳಿನ ಬದಿಯ ಜೀವಕೋಶಗಳು ಹೆಚ್ಚು ಉದ್ದವಾಗಿ ಬೆಳೆಯುವುದರಿಂದ ಕಾಂಡ ಬೆಳಕಿನ ಕಡೆ ಬಾಗುತ್ತದೆ ಎಂಬುದು ಎಂಟು ವರ್ಷದ ಮಗುವಿಗೂ ಅರ್ಥವಾಗುವ ಸಂಗತಿಯೇ. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡವಾದರೆ ಕಾಗದದ ಪಟ್ಟಿಯೂ ಬಾಗುತ್ತದೆಂದು ಮಾಡಿ ತೋರಿಸಬಹುದು. ಆ ಮಾತು ಬರುವಲ್ಲಿ ಕಾರ್ಟೂನನ್ನು ನಿಲ್ಲಿಸಿ, ‘ಗಿಡಕ್ಕೆ ಇಷ್ಟವೆಂಬುದು ಇದೆಯೇ? ಹಾಗಾದರೆ ಇನ್ನೇನು ಕಾರಣವಿರಬಹುದು?’ ಎಂದು ಕೇಳಿದರೆ ಸಾಕು.

ಪ್ರಶ್ನೆ: ಕಾರ್ಟೂನ್ ನೋಡಿದರೆ ಮಕ್ಕಳ ಏಕಾಗ್ರತೆ ಹಾಳಾಗುತ್ತದೆ ಎಂದು ಓದಿದ್ದೇನೆ. ಶಾಲೆಯಲ್ಲೂ ಅದನ್ನೇ ತೋರಿಸುವುದು ಸರಿಯೇ? (ಒಬ್ಬ ತಾಯಿ)

ಉತ್ತರ: ನೀವು ಓದಿರುವುದು ಬಹುಶಃ ಏಂಜೆಲಿನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್‌ಸನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಸುದ್ದಿ. ನಾಲ್ಕು ವರ್ಷದ 60 ಮಕ್ಕಳಲ್ಲಿ ಕೆಲವರು ಅತಿ ವೇಗದ ಕಾರ್ಟೂನನ್ನೂ, ಕೆಲವರು ನಿಧಾನವಾದ ಶೈಕ್ಷಣಿಕ ಕಾರ್ಟೂನನ್ನೂ ಒಂಬತ್ತು ನಿಮಿಷ ನೋಡಿದರು, ಉಳಿದವರು ಅಷ್ಟು ಹೊತ್ತು ಚಿತ್ರ ಬರೆದರು. ಕೂಡಲೇ ನಡೆಸಿದ ಪರೀಕ್ಷೆಗಳಲ್ಲಿ ವೇಗದ ಕಾರ್ಟೂನ್ ನೋಡಿದವರು, ಮನಸ್ಸನ್ನು ಹಿಡಿತದಲ್ಲಿಟ್ಟು ಮಾಡಬೇಕಾದ ಕೆಲಸಗಳಲ್ಲಿ ಹಿಂದೆ ಬಿದ್ದರು. ಈ ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ. ತರಗತಿಗೆ ಆರಿಸುವ ಕಾರ್ಟೂನ್ ನಿಧಾನಗತಿಯದಾಗಿ, ಎರಡು ಮೂರು ನಿಮಿಷಗಳದಾಗಿ, ನಡುನಡುವೆ ನಿಲ್ಲುವಂಥದಾಗಿದ್ದರೆ ನೀವು ಹೆದರಬೇಕಾಗಿಲ್ಲ. ಇಡೀ ಪಾಠದ ಅವಧಿಯನ್ನು ಪರದೆಗೆ ಒಪ್ಪಿಸಿ ಶಿಕ್ಷಕರು ಪಕ್ಕಕ್ಕೆ ಸರಿಯುತ್ತಾರೆಂದು ತಿಳಿದುಬಂದರೆ ಆಗ ಅವಶ್ಯವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇಲ್ಲ, ಕಂಪ್ಯೂಟರೂ ಇಲ್ಲ. ನನ್ನ ಬಳಿ ಇರುವುದು ಒಂದು ಮೊಬೈಲ್ ಮಾತ್ರ. ಕಾರ್ಟೂನ್ ಮೂಲಕ ಕಲಿಸುವ ಆಸೆಯನ್ನು ನಾನು ಬಿಟ್ಟುಬಿಡಬೇಕೇ? (ಒಬ್ಬ ಶಿಕ್ಷಕಿ)

ಉತ್ತರ: ನಿಮ್ಮ ಪತ್ರ ಓದಿ ನನಗೆ ಸಂತೋಷವೇ ಆಯಿತು, ಏಕೆಂದರೆ ಮಕ್ಕಳು ಕಾರ್ಟೂನ್ ನೋಡುವುದಕ್ಕಿಂತ ಮಾಡುವುದರಿಂದ ಹೆಚ್ಚು ಕಲಿಯುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ, ಮತ್ತು ಮಾಡುವುದಕ್ಕೆ ನಿಮ್ಮ ಬಳಿ ಬೇಕಾದದ್ದೆಲ್ಲ ಇದೆ.

ಮೊದಲು ಚಲಿಸದ ಕಾರ್ಟೂನಿನ ಮಾತು. ಬ್ರೆಂಡಾ ಕಿಯೋ ಮತ್ತು ಸ್ಟುವರ್ಟ್ ನೇಲರ್ ಎಂಬ ಬ್ರಿಟನ್ನಿನ ಶಿಕ್ಷಣತಜ್ಞರು 1991ರಲ್ಲಿ ‘ಪರಿಕಲ್ಪನಾ ಕಾರ್ಟೂನ್’ ಎಂಬ ಬಗೆಯನ್ನು ರೂಪಿಸಿದರು. ಒಂದೇ ಚಿತ್ರ, ಅದರಲ್ಲಿ ಮೂರು ನಾಲ್ಕು ಮಕ್ಕಳು, ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಪ್ರಸಿದ್ಧವಾದ ಒಂದರಲ್ಲಿ ಮಕ್ಕಳು ಹಿಮದ ಗೊಂಬೆಯ ಸುತ್ತ ನಿಂತು, ಅದಕ್ಕೆ ಕೋಟು ತೊಡಿಸಿದರೆ ಬೇಗ ಕರಗುತ್ತದೆಯೋ ನಿಧಾನವಾಗಿ ಕರಗುತ್ತದೆಯೋ ಎಂದು ವಾದಿಸುತ್ತಾರೆ. ಕೋಟು ತಾನಾಗಿ ಶಾಖ ಕೊಡುವುದಿಲ್ಲ, ಶಾಖದ ಹರಿವನ್ನು ತಡೆಯುತ್ತದೆ ಅಷ್ಟೇ. ಹೊರಗಿನ ಬಿಸಿ ಒಳಕ್ಕೆ ಬರುವುದನ್ನೂ ತಡೆಯುವುದರಿಂದ ಗೊಂಬೆ ನಿಧಾನವಾಗಿ ಕರಗುತ್ತದೆ. ಇಂಥ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ಬರೆಯಬಹುದು. ತನ್ನ ತಪ್ಪು ಅಭಿಪ್ರಾಯವನ್ನು ಚಿತ್ರದ ಹುಡುಗನೊಬ್ಬ ಆಗಲೇ ಹೇಳಿಬಿಟ್ಟಿರುವುದರಿಂದ, ಸಂಕೋಚದ ಮಗುವೂ ‘ನಾನು ಇವನ ಪಕ್ಷ’ ಎಂದು ಧೈರ್ಯವಾಗಿ ಕೈಯೆತ್ತುತ್ತದೆ.

ಇನ್ನು ಚಲಿಸುವ ಚಿತ್ರ. ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಡುತ್ತಾ ನೋಡುವ ಪುಟ್ಟ ಚಿತ್ರಪುಸ್ತಕಕ್ಕೆ ಜಾನ್ ಬಾರ್ನ್ಸ್ ಲಿನೆಟ್ 1868ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದರು. ವಿದ್ಯುತ್ತಾಗಲೀ ಪರದೆಯಾಗಲೀ ಅದಕ್ಕೆ ಬೇಕಿಲ್ಲ. ಗಟ್ಟಿ ಕಾಗದದ ಇಪ್ಪತ್ತು ಮೂವತ್ತು ಚೂರುಗಳನ್ನು ಒಂದೇ ಅಳತೆಗೆ ಕತ್ತರಿಸಿ, ಪ್ರತಿಯೊಂದರ ಮೇಲೂ ಹಿಂದಿನದಕ್ಕಿಂತ ತುಸು ಮುಂದುವರಿದ ಚಿತ್ರವನ್ನು ಬರೆದು, ಒಂದು ಅಂಚನ್ನು ಕ್ಲಿಪ್ಪಿನಿಂದ ಬಿಗಿದರೆ ಆಯಿತು. ಚಂದ್ರನ ವೃದ್ಧಿ-ಕ್ಷಯ, ಚಿಟ್ಟೆಯ ಜೀವನಚಕ್ರ, ಬೀಜದ ಮೊಳಕೆ, ಇವೆಲ್ಲ ಇದಕ್ಕೆ ಒಗ್ಗುವ ವಿಷಯಗಳು.

ನಿಮ್ಮ ಮೊಬೈಲಿಗೂ ಕೆಲಸವಿದೆ. ಆಸ್ಟ್ರೇಲಿಯಾದ ಗ್ಯಾರಿ ಹೋಬನ್ ಅವರು ಶಿಕ್ಷಕ ತರಬೇತಿಯಲ್ಲಿ ಬಳಕೆಗೆ ತಂದ ನಿಧಾನ ಅನಿಮೇಷನ್ ಎಂಬ ಪದ್ಧತಿಯಲ್ಲಿ ಸೆಕೆಂಡಿಗೆ ಎರಡೇ ಚಿತ್ರಗಳು ಓಡುತ್ತವೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಅರ್ಧ ನಿಮಿಷಕ್ಕೆ 720 ಬೇಕು. ಈ ಪದ್ಧತಿಯಲ್ಲಿ ಅದೇ ಅರ್ಧ ನಿಮಿಷಕ್ಕೆ 60 ಛಾಯಾಚಿತ್ರಗಳು ಸಾಕು, ಒಂದು ತರಗತಿಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲರು. ನೆಲದ ಮೇಲೆ ಹಾಳೆ ಹಾಸಿ, ಜೇಡಿಮಣ್ಣಿನ ಬೀಜ, ಬೇರು, ಕಾಂಡಗಳನ್ನು ಸ್ವಲ್ಪಸ್ವಲ್ಪವೇ ಜರುಗಿಸುತ್ತಾ ಮೇಲಿನಿಂದ ಚಿತ್ರ ತೆಗೆಯಿರಿ. ಮೊಬೈಲ್ ಅಲುಗಾಡದಂತೆ ಎರಡು ಕುರ್ಚಿಗಳ ನಡುವೆ ಹಲಗೆಯಿಟ್ಟು ಕಟ್ಟಿದರೆ ಒಳ್ಳೆಯದು.

ಕಲಿಕೆ ನಡೆಯುವುದು ಎರಡು ಚಿತ್ರಗಳ ನಡುವಿನ ಜಗಳದಲ್ಲಿ. ಬೀಜದಿಂದ ಮೊದಲು ಹೊರಬರುವುದು ಬೇರೋ ಎಲೆಯೋ ಎಂದು ತೀರ್ಮಾನಿಸದೆ ಮಕ್ಕಳು ಮೂರನೆಯ ಚಿತ್ರಕ್ಕೆ ಹೋಗಲಾರರು. ಸಿದ್ಧ ಕಾರ್ಟೂನ್ ನೋಡುವಾಗ ಆ ಪ್ರಶ್ನೆ ಅವರಿಗೆ ಹೊಳೆದೇ ಇರುವುದಿಲ್ಲ. ಆದ್ದರಿಂದ ಜೇಡಿಮಣ್ಣು ಮುಟ್ಟುವ ಒಂದು ವಾರ ಮೊದಲೇ ಗಾಜಿನ ಬಾಟಲಿಯ ಗೋಡೆಗೂ ಒದ್ದೆ ಹತ್ತಿಗೂ ನಡುವೆ ಕೆಲವು ಕಾಳುಗಳನ್ನಿಟ್ಟು, ಪ್ರತಿದಿನವೂ ಒಂದೇ ಹೊತ್ತಿಗೆ ಮಕ್ಕಳು ಅವನ್ನು ನೋಡಿ ಬರೆದಿಡುವಂತೆ ಮಾಡಿ. ಕೆಲವು ಕಾಳುಗಳನ್ನು ತಲೆಕೆಳಗಾಗಿ ಇಡಲು ಮರೆಯಬೇಡಿ. ಹೇಗೆ ಇಟ್ಟರೂ ಬೇರು ತಿರುಗಿ ಕೆಳಕ್ಕೇ ಇಳಿಯುವುದನ್ನು ಕಂಡ ಮಕ್ಕಳು ತಮ್ಮ ಕಾರ್ಟೂನಿನಲ್ಲಿ ಅದನ್ನೂ ಸೇರಿಸಬೇಕೆಂದು ಪಟ್ಟು ಹಿಡಿಯುತ್ತಾರೆ. ಆಗ ಇನ್ನೂ ಹತ್ತು ಚಿತ್ರಗಳಿಗೆ ಅವಕಾಶ ಮಾಡಿಕೊಡಿ.